ಅವಳ ಮಾತು ಮುಗಿಸಿದವನು

"ಹಿಂದಿನ ಸಾಲಿನವರು... ಏನೋ ಕೇಳ್ಬೇಕು ಅಂತಿದೀರಲ್ಲ, ಕೇಳಿ."

ಮೈಕ್ ಹಿಡಿದವನು ಹಾಗೆಂದು ಕತ್ತೆತ್ತಿ ನೋಡಿದ. ನೋಡಿದವನು ಹಾಗೇ ನಿಂತುಬಿಟ್ಟ.

ಎದ್ದು ನಿಂತಿದ್ದವಳು ಅವಳು!

ಮೂರು ವರ್ಷ... ಫೋನಿಲ್ಲ, ಮೆಸೇಜಿಲ್ಲ. ಎದುರುಬದುರಾಗಬಹುದಾದ ಕಡೆಗೆಲ್ಲ ಇಬ್ಬರೂ ಹೋಗುವುದನ್ನೇ ಬಿಟ್ಟಿದ್ದರು. ಈಗ ನೋಡಿದರೆ ಆಸ್ಪತ್ರೆಯ ಸಭಾಕೊಠಡಿಯಲ್ಲಿ, ನಾಲ್ಕು ಸಾಲು ಕುರ್ಚಿಗಳ ಆಚೆ ಈಚೆ, ಅವನು ಪಾಠ ಹೇಳುವವನಾಗಿ, ಅವಳು ಕೇಳುವವಳಾಗಿ.

ಅವಳು ಆ ಆಸ್ಪತ್ರೆಯ ಮಾತಿನ ಚಿಕಿತ್ಸಕಿ. ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡವರಿಗೆ ಒಂದೊಂದೇ ಪದ ವಾಪಸು ತಂದುಕೊಡುವುದು ಅವಳ ಕೆಲಸ. ರೋಗಿಗಳ ಮನೆಯವರ ಬಾಯಲ್ಲಿ ಅವಳು ‘ಮಾತಿನ ಮೇಡಂ’. ಅವನದ್ದೂ ಅದೇ ವೃತ್ತಿ, ಬೇರೆ ಆಸ್ಪತ್ರೆ. ಈ ಸಲದ ವಾರ್ಷಿಕ ಸಮ್ಮೇಳನದಲ್ಲಿ ನಮ್ಮವರೂ ಒಬ್ಬರು ಮಾತಾಡಲೇಬೇಕು ಎಂದು ಹಟ ಹಿಡಿದ ನಿರ್ದೇಶಕರು, ಅಲ್ಲಿ ಮಾತಾಡುವ ಅವಕಾಶಕ್ಕಾಗಿ ಕಳಿಸಬೇಕಾದ ಪ್ರಸ್ತಾವನೆ ಬರೆಯುವುದು ಹೇಗೆಂದು ಹೇಳಿಕೊಡಲು ಅವನನ್ನು ಕರೆಸಿದ್ದರು. ಬರುವವನು ಅವನೆಂದು ಅವಳಿಗೆ ಗೊತ್ತಿತ್ತು. ರಜೆ ಹಾಕಬಹುದಿತ್ತು. ಹಾಕಲಿಲ್ಲ. ಯಾಕೆಂದು ಅವಳ ಮನಸ್ಸನ್ನೇ ಕೇಳಬೇಕು.

"ನಾವು ಬರೆಯೋ ವಿಷಯ..." ಅವಳು ಶುರು ಮಾಡಿದಳು. ಅವಳ ಮಾತು ಎಂದಿಗೂ ನಿಧಾನ. ಪ್ರತಿ ಪದವನ್ನೂ ಒಮ್ಮೆ ಒಳಗೇ ತೂಗಿ ನೋಡಿ ಹೊರಗೆ ಬಿಡುವವಳು. "ನಾವೇ ಮಾಡಿದ ಒಂದು..."

"ಫಲಿತಾಂಶ ಚೆನ್ನಾಗಿ ಬರದೇ ಇದ್ರೂ ಬರೀಬಹುದಾ ಅಂತ, ಅಲ್ವಾ?" ಅವನು ಮಾತು ಮುಗಿಸಿಯೇ ಬಿಟ್ಟ. "ಖಂಡಿತ ಬರೀಬಹುದು! ಒಳ್ಳೇ ಪ್ರಶ್ನೆ."

ಎಲ್ಲರೂ ತಲೆದೂಗಿದರು. ಪಕ್ಕದ ನರ್ಸ್ ಬರೆದುಕೊಂಡಳು ಕೂಡ.

ಅವಳು ಕೇಳಬೇಕೆಂದಿದ್ದು ಅದಲ್ಲವೇ ಅಲ್ಲ. ನಾವೇ ಮಾಡಿದ ಒಂದು ತಪ್ಪನ್ನೇ ವಿಷಯ ಮಾಡಿಕೊಳ್ಳಬಹುದಾ ಎಂದು ಅವಳಿಗೆ ತಿಳಿಯಬೇಕಿತ್ತು. ಆದರೆ ಉತ್ತರ ಬಂದಾಗಿತ್ತು, ಜನ ತಲೆದೂಗಿಯೂ ಆಗಿತ್ತು. ಅವಳು ಕೂತುಬಿಟ್ಟಳು.

ಒಂದಿಷ್ಟೂ ಬದಲಾಗಿಲ್ಲ ಮಹಾರಾಯ... ಒಂದಿಷ್ಟೂ!



ಹಾಗಂತ ಅವನು ಕೆಟ್ಟ ಮೇಷ್ಟರೇನಲ್ಲ. ಅಂದು ಹೇಳಿದ್ದೆಲ್ಲ ಅಪ್ಪಟ ಚಿನ್ನ.

"ಮೊದಲನೇ ಸಾಲಲ್ಲೇ ವಿಷಯಕ್ಕೆ ಬನ್ನಿ. ಪೀಠಿಕೆ ಹಾಕ್ತಾ ಕೂತ್ರೆ ಓದೋರು ನಿದ್ದೆ ಹೋಗ್ತಾರೆ. ಒಂದು ಪ್ರಸ್ತಾವನೆಗೆ ಒಂದೇ ಮಾತು. ಸಭಿಕರು ವಾಪಸ್ ಹೋಗಿ ಸೋಮವಾರ ಬೆಳಗ್ಗೆ ಏನು ಬೇರೆ ಥರ ಮಾಡ್ತಾರೆ, ಅದನ್ನ ಹೇಳಿ. ಆಮೇಲೆ ‘ಬಹುಶಃ’, ‘ಅನ್ನಿಸುತ್ತದೆ’, ‘ಇರಬಹುದೇನೋ’... ಇವನ್ನೆಲ್ಲ ಕಿತ್ತು ಬಿಸಾಕಿ. ನಿಮಗೇ ನಂಬಿಕೆ ಇಲ್ಲದ್ದನ್ನ ನಾವ್ಯಾಕೆ ನಂಬಬೇಕು?"

ಕೊನೆಗೆ ಒಂದು ನಿಯಮ. ಪ್ರಸ್ತಾವನೆಯಲ್ಲಿ ಹೆಸರಾಗಲೀ ಆಸ್ಪತ್ರೆಯ ಗುರುತಾಗಲೀ ಇರಕೂಡದು. ಯಾರದ್ದೆಂದು ತಿಳಿಯದೆಯೇ ಮೂವರು ಓದಿ ಅಂಕ ಕೊಡುತ್ತಾರೆ. ಯಾವುದಾದರೂ ಪರಿಚಿತರದ್ದೆಂದು ಗೊತ್ತಾದರೆ, ಓದುವವರು ಅದನ್ನು ಪಕ್ಕಕ್ಕಿಟ್ಟು ಸಮಿತಿಗೆ ತಿಳಿಸಬೇಕು.

ಸಭೆ ಮುಗಿದ ಮೇಲೆ, ಲಿಫ್ಟಿನ ಹತ್ತಿರ ಅವನು ಹಿಂದೆಯೇ ಬಂದ.

"ನಿಧಾನೀ..."

ಆ ಹೆಸರು! ಅವನೊಬ್ಬನೇ ಕರೆಯುತ್ತಿದ್ದ ಹೆಸರು. ಎದೆ ಧಸಕ್ಕೆಂದಿತು. ಅದು ಮುಖದಲ್ಲಿ ಕಾಣಿಸದಂತೆ ಅವಳು ಲಿಫ್ಟಿನ ಗುಂಡಿಯನ್ನು ಮತ್ತೊಮ್ಮೆ ಒತ್ತಿದಳು.

"ಬರೀತೀಯಾ?"

"ನೋಡ್ತೀನಿ."

"ಬರಿ. ಓದಿ ಅಂಕ ಕೊಡೋ ಸಮಿತಿಯಲ್ಲಿ ನಾನೂ ಇದೀನಿ. ಹೆಸರಿರಲ್ಲ ನಿಜ... ಆದ್ರೆ ನಿಂದು ಯಾವುದು ಅಂತ ನನಗೆ ಗೊತ್ತಾಗುತ್ತೆ. ಸಾವಿರದ ಮಧ್ಯೆ ಇದ್ರೂ."

ಲಿಫ್ಟ್ ಬಂತು. ಅವಳು ಒಳಗೆ ಹೋದಳು, ತಿರುಗಿ ನೋಡಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಕನ್ನಡಿಯಲ್ಲಿ ತನ್ನ ಮುಖ ತಾನೇ ನೋಡಿಕೊಂಡು ಬೈದುಕೊಂಡಳು. ಇಷ್ಟಾದ ಮೇಲೂ ಕೆನ್ನೆ ಬಿಸಿಯಾಗುತ್ತಲ್ಲ, ಮಾನ ಮರ್ಯಾದೆ ಇಲ್ಲವಾ ನಿನಗೆ!

ಇಷ್ಟಾದ ಮೇಲೂ ಎಂದರೆ, ಎಷ್ಟಾಗಿತ್ತು?

ಮೂರು ವರ್ಷದ ಹಿಂದೆ ಇಬ್ಬರೂ ಒಂದೇ ವಿಭಾಗದಲ್ಲಿದ್ದರು. ಮಾತು ಬಾರದ ರೋಗಿಗಳೂ ಹಾಡು ಗುನುಗಬಲ್ಲರು. ಆ ಹಾಡಿನ ದಾರಿಯಲ್ಲೇ ಪದಗಳನ್ನು ವಾಪಸು ಕರೆತರುವ ಕೆಲಸವನ್ನು ಜೊತೆಯಾಗಿ ಮಾಡಿದ್ದರು. ಎರಡೂ ಮನೆಯವರು ಕೂತು ಮದುವೆಯ ಮಾತೂ ಮುಗಿದಿತ್ತು. ಅವನ ಬಾಯಿ ನಿಲ್ಲುತ್ತಿರಲಿಲ್ಲ, ಅದಕ್ಕೇ ಅವಳು ಇಟ್ಟ ಹೆಸರು ‘ಮೈಕಾಸುರ’. ಅವನು ಮಾತಾಡುತ್ತಿದ್ದರೆ ಅವಳಿಗೆ ಹಾಯಾಗಿರುತ್ತಿತ್ತು. ಹೋಟೆಲಿನಲ್ಲಿ ಅವಳ ಪರವಾಗಿ ಅವನೇ ಹೇಳುವನು. ಅಂಗಡಿಯಲ್ಲಿ ಅವಳ ಪರವಾಗಿ ಅವನೇ ಚೌಕಾಸಿ. ಅವಳು ಅರ್ಧ ಹೇಳಿದರೆ ಸಾಕು, ಇನ್ನರ್ಧ ಅವನ ಬಾಯಲ್ಲಿ ಸಿದ್ಧ. ನನ್ನನ್ನು ಎಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾನೆ ಎಂದು ಗೆಳತಿಯರ ಮುಂದೆ ಹೆಮ್ಮೆ ಬೇರೆ!

ಆಮೇಲೆ ಸಮ್ಮೇಳನ ಬಂತು. ವೇದಿಕೆ ಮೇಲೆ ಇಬ್ಬರೂ. ಮೊದಲರ್ಧ ಅವನದು, ಕೊನೆಯ ಭಾಗ ಅವಳದು ಎಂದು ಮಾತಾಗಿತ್ತು. ಅವಳ ಸರದಿ ಬಂದಾಗ ಅವಳು ಎದ್ದು, ತುಂಬಿದ ಸಭೆಯನ್ನು ನೋಡಿ, "ಈ ಕೆಲಸದಲ್ಲಿ ನಾನು ಕಲಿತ ಒಂದೇ ವಿಷಯ..." ಎಂದು ನಿಂತಳು.

ಹೆದರಿ ನಿಂತದ್ದಲ್ಲ. ಸರಿಯಾದ ಪದಕ್ಕೆ ನಿಂತದ್ದು.

ಅವನು ಅವಳ ಮುಂದಿದ್ದ ಮೈಕನ್ನು ತನ್ನ ಕಡೆ ಎಳೆದುಕೊಂಡ. ಅವಳ ಒಂದೇ ವಿಷಯವನ್ನು ತಾನೇ ಹೇಳಿದ. ಅವಳ ಇಡೀ ಭಾಗವನ್ನೂ ಹೇಳಿದ. ಅದ್ಭುತವಾಗಿ ಹೇಳಿದ, ಅದೇ ಗೋಳು! ಚಪ್ಪಾಳೆ ನಿಲ್ಲಲೇ ಇಲ್ಲ. ಅವಳು ಅಷ್ಟು ಜನರೆದುರು ಖಾಲಿ ಕೈಯಲ್ಲಿ ನಿಂತಿದ್ದಳು.

"ನಿನಗೋಸ್ಕರ ಕಣೇ... ನೀನು ಒದ್ದಾಡ್ತಿದ್ದೆ" ಎಂದಿದ್ದ ಆಮೇಲೆ.

ಅವಳು ಮರುವಾರ ಕೆಲಸ ಬಿಟ್ಟಳು. ಮದುವೆಯ ಮಾತನ್ನೂ ಬಿಟ್ಟಳು.

ಅವತ್ತಿನಿಂದ ಅವಳಿಗಿದ್ದ ಆಸೆ ಒಂದೇ. ಅದೇ ಸಮ್ಮೇಳನ, ಅದೇ ಸಭೆ. ಅಲ್ಲಿ ಒಮ್ಮೆ ನಿಂತು, ತನ್ನ ಮಾತನ್ನು ತಾನೇ ಕೊನೆಯವರೆಗೂ ಹೇಳಿ ಕೆಳಗಿಳಿಯಬೇಕು.

ಹೇಳಲು ಅವಳ ಹತ್ತಿರ ಈಗ ವಿಷಯವೂ ಇತ್ತು. ಅದನ್ನು ಕೊಟ್ಟದ್ದು ಸ್ವಂತ ಮನೆಯೇ.

ಕೆಲಸ ಬಿಟ್ಟ ವರ್ಷವೇ ಅಪ್ಪನಿಗೆ ಪಾರ್ಶ್ವವಾಯು ಆಯಿತು. ಜೀವನಪೂರ್ತಿ ಹೊಲಿಗೆ ಯಂತ್ರದ ಮುಂದೆ ಕೂತು ಹರಟುತ್ತಿದ್ದ ದರ್ಜಿ, ಮಾತಿಲ್ಲದವರಾದರು. ಮಾತಿನ ಮೇಡಂ ಮನೆಯಲ್ಲೇ ಮಾತು ನಿಂತುಹೋಯಿತು! ಅವಳು ಅಪ್ಪನಿಗೆ ತಿಂಗಳುಗಟ್ಟಲೆ ಕಲಿಸಿದಳು. ಚಿತ್ರದ ಕಾರ್ಡು, ಹಾಡು, ಕನ್ನಡಿ, ಎಲ್ಲ ಆಯಿತು. ಅಪ್ಪ ಬಾಯಿ ತೆರೆದರೆ ಸಾಕು, ಅಮ್ಮ ಹಾಜರು.

"ನೀರು ಬೇಕಾ? ಬೇಡ್ವಾ? ದಿಂಬು ಸರಿ ಮಾಡ್ಲಾ? ಫ್ಯಾನು? ಓ, ಟಿವಿ! ಟಿವಿ ಹಾಕ್ಬೇಕಂತೆ ಕಣೇ!"

ಅಪ್ಪ ಬಾಯಿ ಮುಚ್ಚುತ್ತಿದ್ದರು. ಅಮ್ಮ ಟಿವಿ ಹಾಕುತ್ತಿದ್ದರು. ನೋಡಿದವರೆಲ್ಲ, ಗಂಡನ ಮನಸ್ಸನ್ನು ಎಷ್ಟು ಬಲ್ಲಳಪ್ಪ ಎನ್ನುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ಅವಳಿಗೆ ರೇಗಿಹೋಯಿತು. "ಅಮ್ಮಾ, ದಯವಿಟ್ಟು ಬಾಯಿ ಮುಚ್ಕೊಂಡು ಕೂತ್ಕೋ! ಅಪ್ಪ ಏನಾದ್ರೂ ಅನ್ನೋವರೆಗೂ ತುಟಿ ಬಿಚ್ಬೇಡ."

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು, ಕುರ್ಚಿಯ ಅಂಚಿನಲ್ಲಿ ಕೂತರು. ಅಪ್ಪ ಬಾಯಿ ತೆರೆದರು. ಏನೂ ಬರಲಿಲ್ಲ. ಅಮ್ಮನ ಕಣ್ಣಲ್ಲಿ ನೀರು ಬಂತು, ಆದರೂ ಕೂತೇ ಇದ್ದರು. ಗಡಿಯಾರ ಒಂದೇ ಟಿಕ್ ಟಿಕ್ ಎನ್ನುತ್ತಿತ್ತು. ಪಕ್ಕದ ಮನೆಯವರ ಕುಕ್ಕರ್ ಕೂಗಿ ನಿಂತಿತು.

"ನೀ...ನು..." ಅಪ್ಪ ಅಂದರು. ಅಮ್ಮನನ್ನೇ ನೋಡುತ್ತ. "ನೀನು... ಸ್ವಲ್ಪ... ಕೂತ್ಕೋ."

ಅಷ್ಟೇ! ಅಷ್ಟು ತಿಂಗಳಿನಿಂದ ಆ ಮನುಷ್ಯ ಹೇಳಲು ಒದ್ದಾಡುತ್ತಿದ್ದದ್ದು ಅಷ್ಟೇ. ನೀರಲ್ಲ, ದಿಂಬಲ್ಲ, ಟಿವಿಯಲ್ಲ. ಓಡಾಡಿ ಓಡಾಡಿ ಸೋತ ಹೆಂಡತಿಗೆ, ಸ್ವಲ್ಪ ಕೂತ್ಕೋ ಎನ್ನಬೇಕಿತ್ತು. ಅದನ್ನು ಕೇಳಲು ಹೆಂಡತಿಗೆ ಪುರುಸೊತ್ತೇ ಇರಲಿಲ್ಲ.

ಅಮ್ಮ ಅಂದು ಅತ್ತ ಅಳು ಅವಳು ಹಿಂದೆಂದೂ ಕೇಳಿರಲಿಲ್ಲ.

ಮರುದಿನ ಆಸ್ಪತ್ರೆಗೆ ಹೋಗಿ ತನ್ನ ವಾರ್ಡನ್ನು ಬೇರೆ ಕಣ್ಣಿನಿಂದ ನೋಡಿದಳು. ಎಲ್ಲ ಹಾಸಿಗೆಯ ಪಕ್ಕದಲ್ಲೂ ಒಬ್ಬ ಅಮ್ಮ ಇದ್ದಳು! ಮಗನೋ, ಅತ್ತಿಗೆಯೋ, ಗಂಡನೋ, ಪ್ರೀತಿಯಿಂದಲೇ ಮಾತು ಕಿತ್ತುಕೊಳ್ಳುವವರು. ಅವರಿಗಾಗಿಯೇ ಒಂದು ಕೋಣೆ ಮಾಡಿದಳು. ಅಲ್ಲಿ ರೋಗಿಗೆ ಪಾಠವಿಲ್ಲ, ಮನೆಯವರಿಗೆ ಪಾಠ. ಸುಮ್ಮನೆ ಕೂರುವ ಪಾಠ! ಜಗತ್ತಿನಲ್ಲಿ ಅದರಷ್ಟು ಕಷ್ಟದ್ದು ಇನ್ನೊಂದಿಲ್ಲ ಎಂದು ದೊಡ್ಡ ದೊಡ್ಡ ಗಂಡಸರೂ ಒಪ್ಪಿಕೊಂಡು ಬೆವರೊರೆಸಿಕೊಂಡರು. ಆದರೆ ರೋಗಿಗಳ ಮಾತು ಬರತೊಡಗಿತು.

ಇದು ಅವಳು ಬರೆಯಬೇಕಿದ್ದ ಪ್ರಸ್ತಾವನೆ.

ಮೊದಲ ಕರಡು ಎಂದಿನ ಅವಳದೇ. ‘ಮಾತು ಕಳೆದುಕೊಂಡವರ ಕುಟುಂಬದ ಪಾತ್ರದ ಬಗ್ಗೆ ಬಹುಶಃ ಇನ್ನಷ್ಟು ಗಮನ ಹರಿಸಬಹುದೇನೋ ಎಂದು ಅನ್ನಿಸುತ್ತದೆ...’ ಬರೆದು, ಓದಿ, ಅವಳಿಗೇ ಆಕಳಿಕೆ ಬಂತು. ಯಾರ ಹತ್ತಿರ ಕ್ಷಮೆ ಕೇಳುತ್ತಿದ್ದೇನೆ ನಾನು?

ಕಿವಿಯಲ್ಲಿ ಅವನ ದನಿ. ಕಿತ್ತು ಬಿಸಾಕಿ.

ಇಷ್ಟವಿಲ್ಲದಿದ್ದರೂ ಆ ದನಿಯನ್ನೇ ಕೇಳಿದಳು. ಬಹುಶಃ ಹೋಯಿತು. ಅನ್ನಿಸುತ್ತದೆ ಹೋಯಿತು. ಅಂಕಿ ಅಂಶಗಳ ಗುಡ್ಡೆ ಕರಗಿ ಮೂರು ಸಾಲಿಗೆ ಇಳಿಯಿತು. ಊಟದ ಬಿಡುವಿನಲ್ಲಿ, ಬಸ್ಸಿಗೆ ಕಾಯುವಾಗ, ಅಪ್ಪನ ಮಂಚದ ಪಕ್ಕದಲ್ಲಿ, ಬರೆದಳು, ಹೊಡೆದುಹಾಕಿದಳು, ಮತ್ತೆ ಬರೆದಳು. ಕೊನೆಗೆ ಮೊದಲನೇ ಸಾಲು ಹೀಗೆ ನಿಂತಿತು: ‘ನಾವು ಮಾತು ಕಲಿಸಿದ್ದು ರೋಗಿಗೆ; ಸುಮ್ಮನಿರುವುದನ್ನು ಕಲಿಸಬೇಕಿದ್ದದ್ದು ಪಕ್ಕದಲ್ಲಿ ಕೂತವರಿಗೆ.’

ಓದಿ ಅವಳ ಮೈ ಜುಮ್ಮೆಂದಿತು. ಇದು ನಾನೇ ಬರೆದದ್ದಾ?

ವಿಭಾಗದ ಕಿರಿಯವಳೂ ಬರೆಯುತ್ತಿದ್ದಳು. ಸಣ್ಣ ಆಳು, ಚಿಲಿಪಿಲಿ ಮಾತು, ಎಲ್ಲರಿಗೂ ಅವಳು ಗುಬ್ಬಿ. ಹಳೆಯ ಹಾಡಿನ ಕೆಲಸವನ್ನು ಇವಳು ಎಂದೋ ಗುಬ್ಬಿಗೆ ವಹಿಸಿಕೊಟ್ಟಿದ್ದಳು. ಅದನ್ನು ಮುಟ್ಟಿದರೆ ಕೈ ಸುಡುತ್ತಿತ್ತು, ಅದಕ್ಕೆ.

"ಅಕ್ಕಾ, ನಂದರಲ್ಲಿ ಎಷ್ಟೊಂದು ‘ಬಹುಶಃ’ ಇದೆ ನೋಡಿ! ತೆಗೀಲಾ?"

"ಯಾರಿಂದ ಕಲಿತೆ ಅದನ್ನ?"

"ನಿಮ್ಮ ಹಳೇ ವರದಿಗಳನ್ನ ನೋಡ್ಕೊಂಡೇ ಅಲ್ವಾ ನಾನು ಬರೆಯೋದು ಕಲ್ತಿದ್ದು!"

ಇಬ್ಬರೂ ಬಿದ್ದು ಬಿದ್ದು ನಕ್ಕರು. ಒಂದೆರಡು ತೆಗೆದು ಉಳಿದದ್ದನ್ನು ಗುಬ್ಬಿ ಹಾಗೇ ಬಿಟ್ಟಳು, ಧೈರ್ಯ ಸಾಲಲಿಲ್ಲವಂತೆ.

ಎರಡೂ ಪ್ರಸ್ತಾವನೆಗಳು ಒಂದೇ ದಿನ ಹೋದವು.

ಫಲಿತಾಂಶವೂ ಒಂದೇ ದಿನ ಬಂತು. ಗುಬ್ಬಿ ಕುರ್ಚಿ ಬೀಳಿಸಿಕೊಂಡು ಎದ್ದಳು. "ಅಕ್ಕಾ! ಅಕ್ಕಾ ನಂದು ಆಯ್ತು!" ಎಂದು ಬಂದು ತಬ್ಬಿಕೊಂಡಳು. ಅವಳ ಹೆಗಲ ಮೇಲಿನಿಂದಲೇ ಇವಳು ತನ್ನ ಫೋನ್ ಓದಿದಳು.

‘ವಿಷಾದಿಸುತ್ತೇವೆ.’

ಕೆಳಗೆ ಓದಿದವರ ಅಭಿಪ್ರಾಯಗಳು. ಇಬ್ಬರು ಮೆಚ್ಚಿದ್ದರು. ಮೂರನೆಯವರು ಬರೆದಿದ್ದರು: ‘ಬರವಣಿಗೆ ಚೊಕ್ಕವಾಗಿದೆ, ಆದರೆ ಒಣಗಿದೆ. ಮಾತು ಮುಗಿಸಿಕೊಡುವವರು ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಲೇಖಕರಿಗೆ ಪ್ರೀತಿಸುವವರ ಸಂಕಟ ಗೊತ್ತಿದ್ದಂತಿಲ್ಲ.’ ಆ ಮೂರನೆಯವರ ಅಂಕವೇ ಅವಳನ್ನು ಕೆಳಗೆ ತಳ್ಳಿತ್ತು.

ಪ್ರೀತಿಸುವವರ ಸಂಕಟ ನನಗೆ ಗೊತ್ತಿಲ್ಲವಂತೆ... ನನಗೆ!

ನಗು ಬಂತು. ಅಳುವುದಕ್ಕಿಂತ ಕೆಟ್ಟದಾಗಿತ್ತು ಆ ನಗು. "ಜಾಣೆ ಕಣೇ ಗುಬ್ಬಿ" ಎಂದು ಅವಳ ಬೆನ್ನು ತಟ್ಟಿ, ಕುಟುಂಬದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅದೇ ಸಂಜೆ ಅವನು ಬಂದ. ಮುಖದಲ್ಲಿ ಹಬ್ಬ!

"ಬಂದೇಬಿಟ್ಟೆ. ಇನ್ನು ತಡೆಯೋಕಾಗ್ಲಿಲ್ಲ. ಅಭಿನಂದನೆ ನಿಧಾನೀ!"

ಅವಳಿಗೆ ಅರ್ಥವಾಗಲಿಲ್ಲ. "ಯಾತಕ್ಕೆ?"

"ನಾಟಕ ಆಡ್ಬೇಡ. ಹಾಡಿನ ಪ್ರಸ್ತಾವನೆ! ಎರಡನೇ ಸಾಲಿಗೇ ಗೊತ್ತಾಗೋಯ್ತು ನನಗೆ ನಿಂದು ಅಂತ. ನಮ್ಮ ಹಾಡಿನ ಕೆಲಸ... ಒಂದೇ ಪುಟದಲ್ಲಿ ಅಷ್ಟೊಂದು ‘ಬಹುಶಃ’... ಓದ್ತಾ ಓದ್ತಾ ಕಣ್ಣಲ್ಲಿ ನೀರು ಬಂತು ಕಣೇ. ನಿಯಮದ ಪ್ರಕಾರ ಪಕ್ಕಕ್ಕಿಡ್ಬೇಕಿತ್ತು. ಇಡ್ಲಿಲ್ಲ. ಪೂರ್ತಿ ಅಂಕ ಕೊಟ್ಟೆ. ಅವತ್ತು ವೇದಿಕೆ ಮೇಲೆ ನಿನ್ನಿಂದ ಕಿತ್ಕೊಂಡಿದ್ದನ್ನ... ಇಷ್ಟಾದ್ರೂ ವಾಪಸ್ ಕೊಡೋಣ ಅಂತ."

ಅವಳು ಅವನನ್ನೇ ನೋಡಿದಳು. ಮೂರು ವರ್ಷದಲ್ಲಿ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು.

"ಅದು ನಂದಲ್ಲ."

"ನನ್ನ ಹತ್ರಾನೂ..."

"ಅದು ಗುಬ್ಬಿದು. ನನ್ನ ಕೈಕೆಳಗಿನ ಹುಡುಗಿದು."

ಅವನ ಮುಖದ ನಗು ಅಲ್ಲೇ ಉಳಿಯಿತು, ತೆಗೆಯಲು ಮರೆತ ಹಾಗೆ. "ಹಾಗಾದ್ರೆ... ನಿಂದು?"

ಅವಳು ನಿಧಾನವಾಗಿ, ಒಂದೊಂದೇ ಪದ ಹೇಳಿದಳು. "ನಾವು ಮಾತು ಕಲಿಸಿದ್ದು ರೋಗಿಗೆ. ಸುಮ್ಮನಿರುವುದನ್ನು ಕಲಿಸಬೇಕಿದ್ದದ್ದು... ಪಕ್ಕದಲ್ಲಿ ಕೂತವರಿಗೆ."

ಅವನು ಗೋಡೆಗೆ ಕೈ ಊರಿದ.

ಆ ಮುಖ ನೋಡಿದ ಕೂಡಲೇ ಅವಳಿಗೆ ತಿಳಿಯಿತು. ಮೂರನೆಯವನು ಯಾರೆಂದು ತಿಳಿಯಿತು. 

"ಲೇಖಕರಿಗೆ ಪ್ರೀತಿಸುವವರ ಸಂಕಟ ಗೊತ್ತಿದ್ದಂತಿಲ್ಲ... ಅದು ನೀನಾ?"

"ನನಗೆ... ನಿಂದು ಅಂತ... ಅದು ಎಷ್ಟು ಗಟ್ಟಿಯಾಗಿತ್ತು ಅಂದ್ರೆ... ಒಂದು ಕಡೇನೂ ಹಿಂಜರಿಕೆ ಇರ್ಲಿಲ್ಲ, ಅದಕ್ಕೇ..."

"ಅದಕ್ಕೇ ನನ್ನದಲ್ಲ ಅಂದ್ಕೊಂಡೆ."

ಅವನು ತಲೆ ತಗ್ಗಿಸಿದ.

"ಸಾವಿರದ ಮಧ್ಯೆ ಇದ್ರೂ ಗುರುತು ಹಿಡೀತೀನಿ ಅಂದೆ. ಏನು ಹುಡುಕಿದೆ ನೀನು? ನನ್ನ ಹೆದರಿಕೆ ಹುಡುಕಿದೆ! ನನ್ನ ‘ಬಹುಶಃ’ ಹುಡುಕಿದೆ. ಅದು ಇನ್ನೊಬ್ಬಳ ಹತ್ರ ಸಿಕ್ತು, ಪೂರ್ತಿ ಅಂಕ ಕೊಟ್ಟೆ. ನಾನು ನೆಟ್ಟಗೆ ನಿಂತು, ನೀನೇ ಕಲಿಸಿದ ಹಾಗೆ ನಿಂತು ಮಾತಾಡಿದ್ರೆ... ನಿನಗೆ ನಾನು ಯಾರೋ! ಒಣಗಿದವಳು!"

"ಒಂದು ನಿಮಿಷ... ನಾನು... ನನಗೆ..."

ಪದ ಹುಡುಕಿ ತಡವರಿಸುವವರಿಗಾಗಿ ದಿನವಿಡೀ ಕಾಯುವುದೇ ಅವಳ ಕೆಲಸ. ಅಂದು ಅವಳು ಕಾಯಲಿಲ್ಲ. ಬ್ಯಾಗು ಎತ್ತಿಕೊಂಡು, ಅವನನ್ನು ದಾಟಿ ಹೊರಟುಹೋದಳು.

ಮನೆಯಲ್ಲಿ ಅಮ್ಮ ಬಾಗಿಲು ತೆಗೆದರು. "ಏನಾಯ್ತು, ತಲೆನೋ..." ಎಂದವರು ತಡೆದುಕೊಂಡರು. ಈಗ ಅಮ್ಮನಿಗೂ ಅಭ್ಯಾಸವಾಗಿತ್ತು. ಮಗಳ ಪಕ್ಕ ಸುಮ್ಮನೆ ಕೂತರು. ತುಂಬ ಹೊತ್ತಿನ ಮೇಲೆ ಮಗಳು ಎಲ್ಲವನ್ನೂ ಹೇಳಿದಳು. ಮಂಚದಿಂದ ಅಪ್ಪ ಕೇಳಿಸಿಕೊಳ್ಳುತ್ತಿದ್ದರು.

"ಅವನು..." ಅಪ್ಪ ಅಂದರು. ಇಬ್ಬರೂ ಕಾದರು. "ಅವನೂ... ನಿಮ್ಮಮ್ಮನ... ಥರಾನೇ."

ಅಮ್ಮ ಸಿಟ್ಟಿನಿಂದ ಗಂಡನ ಕಡೆ ನೋಡಿದರು. ಆಮೇಲೆ ಮೆಲ್ಲಗೆ, "ಹೌದು ಕಣೇ, ನಾನೂ ಪ್ರೀತಿಯಿಂದಾನೇ ಮಾಡಿದ್ದು" ಎಂದರು. "ಆದ್ರೆ ಅದರಿಂದ ಇವರಿಗೇನೂ ಕಮ್ಮಿ ನೋವಾಗ್ಲಿಲ್ಲ."

ಅವಳು ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿದಳು.

ಕೆಲವು ದಿನಗಳಲ್ಲಿ ಸಮಿತಿಯ ಅಧ್ಯಕ್ಷೆ ಫೋನ್ ಮಾಡಿದರು. ಅವನೇ ಹೋಗಿ ಎಲ್ಲವನ್ನೂ ಹೇಳಿಕೊಂಡಿದ್ದನಂತೆ. ಅವನನ್ನು ಸಮಿತಿಯಿಂದ ಕೈಬಿಟ್ಟಿದ್ದರು. ಅವನ ಅಂಕ ತೆಗೆದರೂ ಗುಬ್ಬಿಯದು ಗಟ್ಟಿಯಾಗಿಯೇ ಉಳಿದಿತ್ತು, ಇವಳದೂ ಆಯ್ಕೆಯಾಗುವಂತಿತ್ತು. ಆದರೆ ಎಲ್ಲ ಭಾಷಣಕಾರರಿಗೂ ಒಪ್ಪಿಗೆ ಹೋಗಿ, ಕಾರ್ಯಕ್ರಮ ಅಚ್ಚಾಗಿತ್ತು. ಯಾರನ್ನು ತೆಗೆದು ಯಾರನ್ನು ಹಾಕುವುದು? ಬೇಕಾದರೆ ಊಟದ ಹಾಲಿನಲ್ಲಿ, ಕೈ ತೊಳೆಯುವ ಕಡೆಯ ಗೋಡೆಗೆ ಒಂದು ಪೋಸ್ಟರ್ ಹಾಕಬಹುದು.

"ಬೇಡ ಮೇಡಂ" ಎಂದಳು. "ಮುಂದಿನ ಸಲ ಮತ್ತೆ ಬರೀತೀನಿ. ಎಲ್ಲರ ಹಾಗೆ, ಹೆಸರಿಲ್ಲದೆ."

ಫೋನ್ ಇಟ್ಟಳು. ಮೂರು ವರ್ಷ ಕಾದದ್ದು ಕೈ ತೊಳೆಯುವ ನೀರಿನ ಜೊತೆ ಹರಿದುಹೋಯಿತು. ಎರಡನೆಯ ಸಲವೂ ಅವನ ಕೈಯಿಂದಲೇ.

ಸಮ್ಮೇಳನದ ದಿನ ವಿಭಾಗವೆಲ್ಲ ಖಾಲಿ. ಬೆಳಗ್ಗೆ ಗುಬ್ಬಿಯ ಕಾಲರ್ ಸರಿಮಾಡಿ, "ಮಧ್ಯೆ ನಿಲ್ಲಿಸಿದ್ರೂ ಪರವಾಗಿಲ್ಲ, ಅವಸರ ಮಾಡ್ಬೇಡ" ಎಂದು ಕಳಿಸಿಕೊಟ್ಟಿದ್ದಳು. ವಾರ್ಡಿಗೆ ಒಬ್ಬರಾದರೂ ಬೇಕಲ್ಲ ಎಂದು ತಾನು ಉಳಿದಳು. ನೆಪ ಅದು. ಆ ಸಭೆಯಲ್ಲಿ ಚಪ್ಪಾಳೆ ತಟ್ಟುತ್ತ ಕೂರುವ ಶಕ್ತಿ ಅವಳಿಗಿರಲಿಲ್ಲ.

ಮಧ್ಯಾಹ್ನ ಕುಟುಂಬದ ಕೋಣೆಯಲ್ಲಿ ಕುರ್ಚಿ ಜೋಡಿಸುತ್ತಿದ್ದಾಗ ಬಾಗಿಲಲ್ಲಿ ಅವನು.

"ನೀನು ಅಲ್ಲಿರ್ಬೇಕಿತ್ತಲ್ಲ" ಎಂದಳು, ತಿರುಗದೆ.

"ನನಗಲ್ಲಿ ಕೆಲಸ ಇಲ್ಲ ಈಗ."

"ಕ್ಷಮೆ ಕೇಳೋಕೆ ಬಂದಿದ್ರೆ ವಾಪಸ್ ಹೋಗು. ನನ್ನ ಹತ್ರ ಇಲ್ಲ ಅದು."

"ಗೊತ್ತು." ಅವನು ಒಳಗೆ ಬಂದ, ಆದರೆ ಕೂರಲಿಲ್ಲ. "ಒಂದು ವಿಷಯ ಹೇಳ್ಬೇಕು... ಅಷ್ಟೇ."

ಅವಳು ಕುರ್ಚಿ ಬಿಟ್ಟು ನಿಂತಳು.

"ಅವತ್ತು ವೇದಿಕೆ ಮೇಲೆ... ನೀನು ಒದ್ದಾಡ್ತಿದ್ದೆ ಅಂದೆ. ನಿನಗೋಸ್ಕರ ಅಂದೆ. ಇಷ್ಟು ವರ್ಷ ನನಗೆ ನಾನೇ ಹಾಗೇ ಹೇಳ್ಕೊಂಡೆ. ಅದು..." ಅವನು ನಿಂತ. ಬಾಯಿ ತೆರೆದ, ಮುಚ್ಚಿದ. ಮೈಕಾಸುರನಿಗೆ ಮಾತು ಸಿಗುತ್ತಿರಲಿಲ್ಲ!

ಅವಳಿಗೆ ಆ ಮುಂದಿನ ಮಾತು ಗೊತ್ತಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ತುಟಿ ಕಚ್ಚಿಕೊಂಡು ಕಾದಳು.

"ಅದು ಸುಳ್ಳು" ಅಂದ ಕೊನೆಗೆ. "ನೀನು ಆರಾಮಾಗಿದ್ದೆ. ಒದ್ದಾಡಿದ್ದು ನಾನು. ಮುಂದಿನ ಸಾಲಲ್ಲಿ ಯಾರೋ ವಾಚು ನೋಡ್ಕೊಂಡ್ರು. ಆ ಮೌನ... ನನಗೆ ತಡೆಯೋಕಾಗ್ಲಿಲ್ಲ. ನನ್ನ ಭಯಕ್ಕೆ ನಿನ್ನ ಮಾತು ಕಿತ್ಕೊಂಡೆ. ನಿನ್ನ ಪ್ರಸ್ತಾವನೆ ಓದಿದಾಗಲೂ ಅಷ್ಟೇ. ಅದು ನನ್ನ ಬಗ್ಗೆನೇ ಬರ್ದಿದ್ದಾರೆ ಅನ್ನಿಸ್ತು. ಚುಚ್ತು. ಯಾರು ಬರೆದ್ರೋ ಗೊತ್ತಿರ್ಲಿಲ್ಲ, ಆದ್ರೆ ಅವರಿಗೆ ನೋವಾಗ್ಲಿ ಅಂತಾನೇ ಆ ಸಾಲು ಬರೆದೆ."

ಕಿಟಕಿಯ ಆಚೆ ಆಂಬುಲೆನ್ಸ್ ಒಂದು ಬಂದು ನಿಂತಿತು. ಇಬ್ಬರೂ ಅತ್ತ ನೋಡಿದರು, ಯಾಕೆಂದರೆ ಒಬ್ಬರನ್ನೊಬ್ಬರು ನೋಡುವುದು ಕಷ್ಟವಾಗಿತ್ತು.

"ನೋವಾಯ್ತು" ಎಂದಳು.

"ಹ್ಞೂಂ."

"ಇನ್ನೂ ಆಗ್ತಿದೆ."

"ಹ್ಞೂಂ." ಅವನ ದನಿ ಒಡೆದಿತ್ತು. "ನನಗೆ ನೀನು ಗೊತ್ತು ಅಂದ್ಕೊಂಡಿದ್ದೆ ಕಣೇ. ಗೊತ್ತಿಲ್ಲ. ಆ ಪ್ರಸ್ತಾವನೆ ಬರೆದವಳು ಯಾರು ಅಂತಾನೇ ನನಗೆ ಗೊತ್ತಿಲ್ಲ. ಈಗ ದಿನಾ ಅದನ್ನೇ ಓದ್ತೀನಿ. ಹಳೇ ನಿಧಾನಿನ ಎಷ್ಟು ಪ್ರೀತಿಸಿದ್ನೋ... ಅವಳಿಗಿಂತ ಇವಳು ನನ್ನನ್ನ ಹೆಚ್ಚು ಕಾಡ್ತಿದಾಳೆ. ಕೇಳೋ ಹಕ್ಕಿಲ್ಲ. ಆದ್ರೂ... ಇವಳ ಪರಿಚಯ ಮಾಡ್ಕೋಬಹುದಾ?"

ಎಷ್ಟು ಸುಲಭವಾಗಿ ಇಲ್ಲ ಎನ್ನಬಹುದಿತ್ತು! ಇಲ್ಲ ಎಂದರೆ ತಪ್ಪೂ ಇರಲಿಲ್ಲ. ಕಹಿ ಹೋಗಿರಲಿಲ್ಲ, ಹೋಗುವ ಲಕ್ಷಣವೂ ಇರಲಿಲ್ಲ. ಆದರೆ ಆ ಕಹಿಯ ಕೆಳಗೆ, ಮೂರು ವರ್ಷ ಎಷ್ಟು ಒತ್ತಿದರೂ ಸಾಯದೆ ಉಳಿದ ಪ್ರೀತಿ ಒಂದು ಉಸಿರಾಡುತ್ತಲೇ ಇತ್ತು. ಅದನ್ನು ಇಲ್ಲ ಎನ್ನಲು ಮಾತ್ರ ಅವಳಿಗೆ ಬಾಯಿ ಬರಲಿಲ್ಲ.

ಅವಳು ಒಂದು ಕುರ್ಚಿಯನ್ನು ಎಳೆದು ತನ್ನೆದುರಿಗೆ ಇಟ್ಟಳು.

"ಕೂತ್ಕೋ."

ಅವನು ಕೂತ.

"ನನ್ನ ಭಾಷಣ ಸಿದ್ಧ ಇದೆ. ಕೇಳೋಕೆ ಸಭೆ ಇಲ್ಲ. ನೀನೇ ಕಳೆದದ್ದು, ನೀನೇ ಕೇಳು. ಮಧ್ಯ ಒಂದು ಮಾತಾಡಿದ್ರೆ... ಎದ್ದು ಹೋಗು. ಮತ್ತೆ ಬರಬೇಡ."

ಅವನು ತಲೆಯಾಡಿಸಿದ.

ಅವಳು ಖಾಲಿ ಕುರ್ಚಿಗಳ ಮುಂದೆ ನಿಂತಳು. ಬಟ್ಟೆಯ ಮಡಿಕೆ ಸರಿಮಾಡಿಕೊಂಡಳು. ನಾವು ಮಾತು ಕಲಿಸಿದ್ದು ರೋಗಿಗೆ ಎಂದು ಶುರು ಮಾಡಿದಳು. ಅಪ್ಪನ ಬಗ್ಗೆ ಹೇಳಿದಳು, ಅಮ್ಮನ ಸೆರಗಿನ ಬಗ್ಗೆ, ಕೂಗಿ ನಿಂತ ಕುಕ್ಕರಿನ ಬಗ್ಗೆ. ಈ ಕೋಣೆಯಲ್ಲಿ ಬೆವರಿದ ಗಂಡಸರ ಬಗ್ಗೆ ಹೇಳುವಾಗ ಅವನು ನಗಲು ಹೋಗಿ ತಡೆದುಕೊಂಡ. ಎಲ್ಲಿಯೂ ಬಹುಶಃ ಇರಲಿಲ್ಲ.

ಕೊನೆಗೆ ಬಂದಳು.

"ಈ ಕೆಲಸದಲ್ಲಿ ನಾನು ಕಲಿತ ಒಂದೇ ವಿಷಯ..."

ನಿಂತಳು.

ಅವತ್ತು ನಿಂತ ಜಾಗದಲ್ಲೇ ನಿಂತಳು. ಕಾರಿಡಾರಿನಲ್ಲಿ ಗಾಲಿಮಂಚವೊಂದು ಕಿರ್ರೆಂದು ಹಾದುಹೋಯಿತು. ಆಮೇಲೆ ಏನೂ ಇಲ್ಲ. ಅವನ ಬೆರಳುಗಳು ಮಂಡಿಯನ್ನು ಬಿಗಿಯಾಗಿ ಹಿಡಿದವು, ಹಣೆಯಲ್ಲಿ ಬೆವರು ಮೂಡಿತು. ಬಾಯಿ ಮಾತ್ರ ಬಿಡಲಿಲ್ಲ. ಅವಳನ್ನೇ ನೋಡುತ್ತಿದ್ದ. ಆ ಕಣ್ಣುಗಳಲ್ಲಿ ನೀರು ತುಂಬಿ, ಒರೆಸಿಕೊಳ್ಳಲೂ ಅಲುಗಾಡದೆ ಕೂತಿದ್ದ.

ಪದ ಇನ್ನೂ ಸಿಕ್ಕಿರಲಿಲ್ಲ. ಆದರೆ ಮೊದಲ ಬಾರಿಗೆ, ಹುಡುಕುವುದರಲ್ಲಿ ಅವಳಿಗೆ ಅವಸರ ಕಾಣಲಿಲ್ಲ.

"ಮೈಕಾಸುರಾ..." ಎಂದಳು ಮೆಲ್ಲಗೆ. "ನನ್ನ ಮಾತು ಇನ್ನೂ ಮುಗಿದಿಲ್ಲ."

"ಗೊತ್ತು" ಎಂದ ಅವನು. "ಕಾಯ್ತಿದೀನಿ."